ಯಜಮಾನಿಯಿಲ್ಲದ ಬಂಗ್ಲೆಗೆ ಹಾಲುಕ್ಕಿಸಲು ಹೋದದ್ದು

ಹರಿಹರದ ಸೇತುವೆ

ಜನ ಪರದೇಶಕ್ಕೆ ಹೋಗುವುದು ಓದುವುದಕ್ಕೆ, ವ್ಯಾಪಾರಕ್ಕೆ, ಇಲ್ಲವೆ ಹೋಗಿ ಬಂದೆನೆಂದು ಹೇಳಿಕೊಳ್ಳುವುದಕ್ಕೆ. ನಾನು ಹೋದದ್ದು ಒಂದು ಪಾತ್ರೆ ಹಾಲು ಉಕ್ಕಿಸುವುದಕ್ಕೆ. ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ, ಅವರೆಕಾಯಿಯ ಕಾಲದಲ್ಲಿ, ಧಾರವಾಡದಿಂದ ಕೋಲಾರದ ಸೀಮೆಗೆ.

ಅದೂ ಒಂದು ಪರದೇಶವೇ ಎಂದು ನಮ್ಮವರು ರೈಲಿನಲ್ಲಿ ಕೂತು ನಕ್ಕರು. ನಮ್ಮವರೆಂದರೆ ನನ್ನ ಗಂಡ, ಶಾಲೆಯ ಮಾಸ್ತರರು, ಭೂಗೋಳ ಕಲಿಸುವವರು. ನಾನು ಕಿಟಕಿಯಿಂದ ತುಂಗಭದ್ರೆಯ ಸೇತುವೆ ತೋರಿಸಿದೆ. ಈಚೆ ದಂಡೆ ಮುಂಬಯಿ ಸರ್ಕಾರದ್ದು, ಆಚೆ ದಂಡೆ ಮೈಸೂರು ಮಹಾರಾಜರದ್ದು. ರಾಜ ಬೇರೆ, ಪೋಲೀಸರ ತಲೆಯ ಪಟಕ ಬೇರೆ, ಊಟ ಬೇರೆ. ಇಷ್ಟು ಬೇರೆಯಾದರೆ ಪರದೇಶವೆನ್ನಲು ಸಮುದ್ರವೇ ಬೇಕೇನು? ಭೂಗೋಳದವರು ಕಿಟಕಿಯ ಕಡೆ ತಿರುಗಿ ಸೇತುವೆಯ ಕಂಬ ಎಣಿಸತೊಡಗಿದರು.

ಹೊರಟ ಕಾರಣವನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ತಂಗಿ ಗೋದಾವರಿ, ನಮ್ಮ ಗೋದೂ, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡವಳು. ಬೆಂಗಳೂರಿನ ಸೋದರತ್ತೆಯ ಮನೆಯಲ್ಲಿದ್ದು ಓದಿ, ಮೈಸೂರು ಸರ್ಕಾರದಲ್ಲಿ ಟೀಚರಾದಳು. ಅವಳನ್ನು ಹಾಕಿದ್ದು ಶ್ರೀನಿವಾಸಪುರಕ್ಕೂ ಮುಳಬಾಗಿಲಿಗೂ ನಡುವಿನ ಒಂದು ಸಣ್ಣ ಪೇಟೆಗೆ, ಹೆಣ್ಣುಮಕ್ಕಳ ಶಾಲೆ ತೆರೆಯುವುದಕ್ಕೆ. ಆ ಊರಿನ ಹೆಸರು ಬರೆಯುವುದಿಲ್ಲ. ಅವರು ನನಗೆ ಊಟ ಹಾಕಿದ್ದಾರೆ, ಅವರ ಜಗಳವನ್ನು ಹೆಸರು ಹಿಡಿದು ಹೇಳಿದರೆ ಅನ್ನದ ಋಣಕ್ಕೆ ಮಾನವಿರುವುದಿಲ್ಲ.

ಶಾಲೆ ನಡೆಯುತ್ತಿದ್ದದ್ದು ಒಬ್ಬರ ಮನೆಯ ಜಗಲಿಯ ಮೇಲೆ. ಮನೆಯವರಿಗೆ ಜಗಲಿ ಬೇಕಾಯಿತು. ಊರಲ್ಲಿ ಖಾಲಿ ಇದ್ದ ಕಟ್ಟಡ ಒಂದೇ, ಹಳೆಯ ಮುನಿಸಿಪಾಲಿಟಿ ಬಂಗ್ಲೆ. ಅದನ್ನು ಕೊಡುವುದಕ್ಕೆ ಊರೇನೋ ಒಪ್ಪಿತು, ಸುಣ್ಣವನ್ನೂ ಬಳಿಸಿತು. ಆದರೆ ಮೊದಲ ದಿನ ಒಂದು ಹುಡುಗಿಯೂ ಹೊಸ್ತಿಲು ತುಳಿಯಲಿಲ್ಲ. ಗೋದೂ ವಾರವಿಡೀ ಬಾಗಿಲು ತೆರೆದು, ಖಾಲಿ ಚಾಪೆಗಳ ಎದುರು ಕುರ್ಚಿ ಹಾಕಿಕೊಂಡು ಕೂತು, ಸಂಜೆ ಬೀಗ ಹಾಕಿಕೊಂಡು ಬಂದಳು. ಇನ್ಸ್‌ಪೆಕ್ಟ್ರೆಸ್ ಅಮ್ಮನವರು ಬಂದಾಗಲೂ ಚಾಪೆ ಖಾಲಿಯೇ ಇದ್ದರೆ ಶಾಲೆ ಬೇರೆ ಊರಿಗೆ ಹೋಗುತ್ತದೆ, ಈ ಹುಡುಗಿಯರು ಒಲೆಯ ಮುಂದಕ್ಕೆ ಹೋಗುತ್ತಾರೆ.

ಯಾಕೆ ತುಳಿಯಲಿಲ್ಲವೆಂದರೆ, ಆ ಬಂಗ್ಲೆಯಲ್ಲಿ ಯಾರೂ ಹಾಲು ಉಕ್ಕಿಸಿರಲಿಲ್ಲ. ಅದಕ್ಕೆ ನಾನು ಬೇಕಾಗಿದ್ದೆ.

ಮಾಲೂರು, ಟೇಕಲ್

ಬೆಂಗಳೂರು ದಾಟಿದ ಮೇಲೆ ನೆಲ ಕೆಂಪಾಯಿತು. ನಮ್ಮ ಕಡೆಯ ಕರಿ ಮಣ್ಣು ಕಂಡ ಕಣ್ಣಿಗೆ ಇದು ಯಾರೋ ಕುಂಕುಮ ಚೆಲ್ಲಿ ಮರೆತಂತೆ ಕಂಡಿತು. ಮಾಲೂರಿನಲ್ಲಿ ಗಾಡಿ ನಿಂತಾಗ ಒಬ್ಬಾಕೆ ಬುಟ್ಟಿ ತುಂಬ ಅವರೆಕಾಯಿ ಹೊತ್ತು ಹತ್ತಿದಳು. ಡಬ್ಬಿಯ ತುಂಬ ಅದರ ಸೊಗಡು ಹರಡಿತು. ಆಕೆ ಕೂತವಳೇ ಅಕ್ಕಪಕ್ಕದವರ ಮಡಿಲಿಗೆಲ್ಲ ಒಂದೊಂದು ಹಿಡಿ ಕಾಯಿ ಹಾಕಿದಳು. ತಿನ್ನುವುದಕ್ಕೆ ಕೊಟ್ಟಳೆಂದು ನಾನು ಕೈಮುಗಿದೆ. ನೋಡಿದರೆ ಸುಲಿಯುವುದಕ್ಕೆ ಕೊಟ್ಟದ್ದು! ಎಲ್ಲರೂ ಮಾತಾಡುತ್ತ ಸುಲಿದು ಕಾಳನ್ನು ಬುಟ್ಟಿಗೆ ಹಾಕಿದರು. ನಮ್ಮವರೂ ಸುಲಿದರು. ಮನೆಯಲ್ಲಿ ಒಂದು ಬೆಳ್ಳುಳ್ಳಿ ಸುಲಿದವರಲ್ಲ.

ಟೇಕಲ್‌ನಲ್ಲಿ ಇಳಿದೆವು. ಬೆಟ್ಟದ ಬುಡದ ಊರು, ಬಂಡೆಗಳು ಈಗ ಉರುಳುತ್ತೇವೆ, ಆಗ ಉರುಳುತ್ತೇವೆ ಎಂದು ಕೂತಿವೆ. ಗೋದೂಳ ವಿದ್ಯಾರ್ಥಿನಿಯೊಬ್ಬಳ ಸೋದರಮಾವನ ಮನೆಯಲ್ಲಿ ಆ ದಿನದ ಬಿಡಾರ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವ ಮನೆ. ಒಳಗಿನ ಕೋಣೆಯಿಂದ ಸೋನೆ ಮಳೆಯಂಥ ಸದ್ದು ಬರುತ್ತಿತ್ತು. ಹುಳುಗಳು ಸೊಪ್ಪು ತಿನ್ನುವ ಸದ್ದಂತೆ. ಭೂಗೋಳದವರು ಕುತೂಹಲ ತಡೆಯಲಾರದೆ ಬಾಗಿಲು ಸರಿಸಿ ಒಳಗೆ ಹೋದರು. ಕೆನ್ನೆಯಲ್ಲಿ ನಮ್ಮ ಕಡೆಯ ತಂಬಾಕು ಇತ್ತು.

ಮನೆಯ ಯಜಮಾನಿ ಎಲ್ಲಿದ್ದಳೋ, ಹಾರಿ ಬಂದಳು. "ಅಯ್ಯೋ, ಪೊಗಾಕು ವಾಸನ! ಬಯಟಿಕಿ ರಾಂಡಿ ಸ್ವಾಮಿ, ಹೊರಗ್ ಬನ್ನಿ! ಹೊಗೆಸೊಪ್ಪು ಸೋಕಿದ್ರೆ ನನ್ನ ಹುಳ ಒಂದೂ ಉಳಿಯಲ್ಲ!"

ನಮ್ಮವರು ಹೊರಗೆ ಬಂದು, ಉಗುಳಿ, ಬಾಯಿ ತೊಳೆದು, ತಪ್ಪಿತಸ್ಥ ವಿದ್ಯಾರ್ಥಿಯಂತೆ ಕಂಬದ ಬಳಿ ನಿಂತರು. ಗಾಬರಿ ಇಳಿದ ಮೇಲೆ ಆಕೆಯೇ ನಕ್ಕು, "ತಪ್ಪು ತಿಳ್ಕೋಬೇಡಿ. ನನ್ನ ಗಂಡನ್ನೇ ಬಿಡಲ್ಲ ನಾನು. ಹುಳದ ಮನೆಗೆ ಯಾರು ಹೋಗ್ಬೇಕು ಅಂತ ನಾನೇ ಹೇಳ್ಬೇಕು," ಎಂದಳು. ಅಂಥ ಅಧಿಕಾರ ನಮ್ಮ ಕಡೆ ಅಡುಗೆಮನೆಯಲ್ಲಿ ಕೂಡ ನಮಗಿಲ್ಲ. ಆಕೆಯ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.

ಕೋಲಾರ

ಬೌರಿಂಗ್‌ಪೇಟೆಯಲ್ಲಿ ಗಾಡಿ ಬದಲಿಸಿ ಸಣ್ಣ ರೈಲು ಹಿಡಿದೆವು. ಎಷ್ಟು ಸಣ್ಣದೆಂದರೆ ಎದುರು ಕೂತವರ ಮೊಣಕಾಲು ನಮ್ಮ ಮೊಣಕಾಲಿಗೆ ತಾಗುತ್ತದೆ, ಆದ್ದರಿಂದ ಯಾರೂ ಯಾರಿಗೂ ಅಪರಿಚಿತರಾಗಿ ಉಳಿಯುವುದಿಲ್ಲ. ಕೋಲಾರದಲ್ಲಿ ಹತ್ತಿದ ಇಬ್ಬರು ಹೆಂಗಸರು ನನ್ನ ಇಳಕಲ್ ಸೀರೆಯ ಸೆರಗನ್ನು ಕೇಳದೆಯೇ ಎತ್ತಿಕೊಂಡು ನೋಡಿದರು. ಆ ಸೀರೆಯ ಒಡಲು ಬೇರೆ, ಸೆರಗು ಬೇರೆ. ಎರಡನ್ನೂ ಮಗ್ಗದ ಮೇಲೇ ಕೊಂಡಿ ಹಾಕಿ ಸೇರಿಸುತ್ತಾರೆ.

"ಇದೇನಮ್ಮ, ಹರಿದಿತ್ತಾ? ಬೇರೆ ಸೀರೆ ಸೆರಗು ತಂದು ಹಾಕ್ಸಿದೀರ?" ಎಂದಳು ಒಬ್ಬಳು.

"ಹರಿದಿಲ್ರೀ! ನಮ್ಮ ಕಡೆ ಹಿಂಗ ನೇಯ್ತಾರ," ಎಂದೆ.

"ಪಾಪ," ಎಂದು ಇನ್ನೊಬ್ಬಳು ತಲೆಯಾಡಿಸಿದಳು. ಆಕೆ ನಂಬಲಿಲ್ಲ. ಶ್ರೀನಿವಾಸಪುರ ಬರುವವರೆಗೂ ನನ್ನನ್ನು ಕರುಣೆಯಿಂದ ನೋಡಿದಳು, ಎರಡು ಸಲ ಚಕ್ಕುಲಿ ಕೊಟ್ಟಳು. ಚಕ್ಕುಲಿ ಚೆನ್ನಾಗಿದ್ದದ್ದರಿಂದ ನಾನೂ ಬಡತನವನ್ನು ಒಪ್ಪಿಕೊಂಡೆ.

ಇಲ್ಲಿಯವರ ಮಾತು ಕೇಳುವುದೇ ಒಂದು ಮೋಜು. ಎತ್ತನ್ನು ಬೈಯುವುದು ತೆಲುಗಿನಲ್ಲಿ, ದೇವರನ್ನು ಕರೆಯುವುದು ಕನ್ನಡದಲ್ಲಿ, ಅಳಿಯನನ್ನು ಮಾತಾಡಿಸುವುದು ಎರಡರಲ್ಲೂ, ಯಾವುದಕ್ಕೆ ಬಗ್ಗುತ್ತಾನೋ ನೋಡೋಣವೆಂದು.

ಶ್ರೀನಿವಾಸಪುರ

ಮಾವಿನ ತೋಪುಗಳು ಆಗಷ್ಟೇ ಹೂ ಬಿಡುತ್ತಿದ್ದವು. ಧಾರವಾಡದ ಆಪೂಸಿನ ಮುಂದೆ ಯಾವ ಹಣ್ಣೂ ಇಲ್ಲವೆಂದು ನಮ್ಮವರು ಗೋದೂಳ ಊರಿಗೆ ಹೋಗುವ ಬಸ್ಸಿನ ಬಳಿ ಒಬ್ಬ ರೈತನೊಡನೆ ವಾದಕ್ಕಿಳಿದರು. ಆತ ತಾಳ್ಮೆಯಿಂದ ಕೇಳಿ, "ಹಣ್ಣಿನ ಕಾಲಕ್ಕೆ ಬನ್ನಿ ಸ್ವಾಮಿ. ಬಾಯಲ್ಲಿ ಹಣ್ಣಿದ್ರೆ ಜಗಳ ಬರಲ್ಲ," ಎಂದ.

ಗೋದೂ ಬಸ್ಸಿನ ಹತ್ತಿರವೇ ಕಾಯುತ್ತಿದ್ದಳು. ನಾಲ್ಕು ವರ್ಷವಾಗಿತ್ತು ನೋಡಿ. ಬಿಳಿ ಸೀರೆ, ಕೈಯಲ್ಲಿ ಕೊಡೆ, ಮುಖ ಬಾಡಿತ್ತು. ಮೈಸೂರು ಕನ್ನಡ ಕಲಿತು ಮಾತಿನಲ್ಲಿ ಬಲು ಜಾಣೆಯಾಗಿದ್ದಾಳೆ. ನಮ್ಮ ಕಡೆಯ ಮಾತನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ್ದಾಳೆ.

"ಅಕ್ಕ, ನೀನು ಬರಲ್ಲ ಅಂದ್ಕೊಂಡಿದ್ದೆ," ಎಂದಳು.

"ನೀ ಕರದ್ರ ಬರದ ಇರ್ತೀನೇನು?" ಎಂದೆ. ಅಷ್ಟಕ್ಕೇ ಕಣ್ಣೊರೆಸಿಕೊಂಡಳು. ನಾನು ಅವಳ ಕೈಯಿಂದ ಕೊಡೆ ತೆಗೆದುಕೊಂಡೆ.

ಬಂಗ್ಲೆ

ಮಾರನೆಯ ಬೆಳಿಗ್ಗೆ ಬಂಗ್ಲೆ ನೋಡಲು ಹೋದೆವು. ಹಳೆಯ ಬೀದಿಯ ತುದಿಯಲ್ಲಿ, ಹುಣಸೆಮರದ ಪಕ್ಕ ನಿಂತಿದೆ. ಕಲ್ಲಿನ ಕಂಬಗಳು, ಎತ್ತರದ ಬಾಗಿಲು, ಸಭೆ ಸೇರುವುದಕ್ಕೆ ಒಂದು ದೊಡ್ಡ ಅಂಕಣ, ಅಧ್ಯಕ್ಷರ ಕುರ್ಚಿಗೆಂದು ಮಾಡಿದ ಕಟ್ಟೆ. ನೆತ್ತಿಯ ಮೇಲೆ ಗಡಿಯಾರಕ್ಕೆಂದು ದುಂಡಗೆ ಬಿಟ್ಟ ಜಾಗದಲ್ಲಿ ಗಿಳಿಗಳು ಸಂಸಾರ ಹೂಡಿದ್ದವು. ನಮ್ಮ ಧಾರವಾಡದಲ್ಲಿ ಇಂಥ ಕಟ್ಟಡ ಖಾಲಿ ಬಿದ್ದಿದ್ದರೆ ಅದರಲ್ಲಿ ಒಂದು ಸಂಗೀತ ಶಾಲೆ, ಎರಡು ವಾಚನಾಲಯ, ಮೂರು ಪಂಗಡದ ನಾಟಕ ಮಂಡಳಿ ಹುಟ್ಟಿ ಕಾದಾಡುತ್ತಿದ್ದವು.

ಅದರ ಕಥೆ ನನಗೆ ಪೂರ್ತಿ ತಿಳಿದದ್ದು ಮಧ್ಯಾಹ್ನ, ಮುಳಬಾಗಿಲಿನ ಬಸ್ಸಿನಲ್ಲಿ.

ಮುಳಬಾಗಿಲ ದಾರಿ

ನಾಳೆಯೇ ಶುಭಕಾರ್ಯ, ಮೊದಲು ಮುಳಬಾಗಿಲ ಆಂಜನೇಯನಿಗೆ ಕೈಮುಗಿದು ಬರೋಣವೆಂದು ಹೊರಟೆವು. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ವೆಂಕಟಲಕ್ಷ್ಮಮ್ಮ. ಗೋದೂಳ ಊರಿನವರೇ, ಬಂಗ್ಲೆ ನಡೆಯುತ್ತಿದ್ದ ಕಾಲದ ಮುನಿಸಿಪಾಲಿಟಿ ಉಪಾಧ್ಯಕ್ಷರ ಹೆಂಡತಿ. ಗಂಡ ತೀರಿಕೊಂಡು ಬಹುಕಾಲವಾಗಿದೆ. ದೇವರಾಯಸಮುದ್ರದ ಮಗಳ ಮನೆಗೆ ಹೊರಟಿದ್ದರು. ಕೆರೆಯ ಮೀನು ಹಿಡಿಯುವ ಕೊಕ್ಕರೆಯಂತೆ ಸಣ್ಣಗೆ, ನೆಟ್ಟಗೆ ಇದ್ದಾರೆ.

"ನೀನೇನಮ್ಮ ನಾಳೆ ಹಾಲು ಉಕ್ಸೋ ಪರದೇಶದ ಮುತ್ತೈದೆ?" ಎಂದರು. ಊರೆಲ್ಲ ನನಗೆ ಆ ಹೆಸರಿಟ್ಟಿತ್ತಂತೆ. ನಾನು ನಮ್ಮವರ ಕಡೆ ಗೆದ್ದವಳಂತೆ ನೋಡಿದೆ.

ಆಮೇಲೆ ಅವರೇ ಹೇಳಿದರು. ಬಂಗ್ಲೆ ಕಟ್ಟಿದ ಹೊಸದರಲ್ಲಿ ಬಲು ವೈಭವ. ಅಲ್ಲಿ ಸಭೆ ಸೇರಿದರೆ ಊರಿಗೆಲ್ಲ ಕೇಳುವಂತೆ ವಾದ ನಡೆಯುತ್ತಿತ್ತು. ಆಗ ಪ್ಲೇಗು ಬಂತು. ಇಲಿ ಬಿದ್ದ ದಿನವೇ ಊರು ಖಾಲಿ. ಎಲ್ಲರೂ ತೋಪಿನಲ್ಲಿ ಗುಡಿಸಲು ಹಾಕಿಕೊಂಡರು. ಮುನಿಸಿಪಾಲಿಟಿಯೂ ಒಂದು ಗುಡಿಸಲಿಗೆ ಹೋಯಿತು. ಬಂಗ್ಲೆ ಕಾಯಲು ಉಳಿದ ಗುಮಾಸ್ತ ಅಲ್ಲೇ ತೀರಿಕೊಂಡ. ಕಾಯಿಲೆ ಕಳೆದ ಮೇಲೆ ಜನ ಮನೆಗಳಿಗೆ ಹಿಂತಿರುಗಿದರು. ಬಿಟ್ಟು ಹೋದ ಮನೆಗೆ ಸುಮ್ಮನೆ ಕಾಲಿಡುವಂತಿಲ್ಲ. ಹಸುವನ್ನು ಒಳಗೆ ಹೊಗಿಸಿ, ಮನೆಯ ಯಜಮಾನಿ ಒಲೆ ಹೊತ್ತಿಸಿ ಹಾಲು ಉಕ್ಕಿಸಬೇಕು. ಮನೆಮನೆಯಲ್ಲೂ ಉಕ್ಕಿತು. ಮುನಿಸಿಪಾಲಿಟಿಗೆ ಯಜಮಾನಿ ಯಾರು?

"ಅಧ್ಯಕ್ಷರು ಅಮಲ್ದಾರ್ರು ಕಣಮ್ಮ. ಇವತ್ತಿದ್ರೆ ನಾಳೆ ವರ್ಗ. ಅವರ ಹೆಂಡ್ತಿ, ನಮಗ್ಯಾಕೆ ಈ ಊರ್ ಬಂಗ್ಲೆ ಅಂದ್ರು. ಸರಿ, ನಾನು ಮಡಿಯುಟ್ಟು ಹಾಲು ತಗೊಂಡ್ ಹೋದೆ. ನಾವು ಕೋಟೆ ಬೀದಿಯೋರು. ಮೆಟ್ಲ ಮೇಲೆ ಪೇಟೆ ಬೀದಿಯೋರು ಅಡ್ಡ ನಿಂತ್ಕೊಂಡ್ರು. ಕೋಟೆಯೋಳು ಉಕ್ಸಿದ್ರೆ ಬಂಗ್ಲೆ ಕೋಟೆದಾಗೋಗುತ್ತೆ ಅಂದ್ರು. ಪೇಟೆಯೋಳು ಬಂದ್ರೆ ನಮ್ಮೋರು ಬಿಡಲ್ಲ. ನನ್ನ ಪಾತ್ರೆ ವಾಪಸ್ ಬಂತು."

"ಆಮ್ಯಾಲ?" ಎಂದೆ.

"ಆಮೇಲೇನು? ಕಮಿಟಿ ಬಾಡಿಗೆ ಮನೇಲಿ ಕೂತ್ಕೊಂಡ್ತು, ಇನ್ನೂ ಅಲ್ಲೇ ಕೂತಿದೆ. ಪೋನೀ ಬಿಡು." ಕಿಟಕಿಯಾಚೆ ದೇವರಾಯಸಮುದ್ರದ ಕೆರೆ ಹೊಳೆಯುತ್ತಿತ್ತು. ಅವರು ಇಳಿಯುತ್ತ, "ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ. ಇಷ್ಟು ವರ್ಷಕ್ಕೆ ಅಲ್ಲಿ ಹಾಲು ಉಕ್ಕೋದು ನೋಡ್ಬೇಕು," ಎಂದರು.

ಪ್ಲೇಗಿಗೆ ಹೆದರಿ ಬಿಟ್ಟ ಕಟ್ಟಡ ಬಹಳ ಕಂಡಿದ್ದೇನೆ. ಯಜಮಾನಿಯಿಲ್ಲವೆಂದು ಬಿಟ್ಟದ್ದನ್ನು ಇದೊಂದೇ ಕಂಡದ್ದು. ಎಲ್ಲರದ್ದೂ ಆದದ್ದು ಯಾರದ್ದೂ ಅಲ್ಲ ಎನ್ನುವುದು ಗಾದೆಯಲ್ಲ, ಇಲ್ಲಿ ಅದಕ್ಕೆ ಬಾಗಿಲು, ಬೀಗ, ಹುಣಸೆಮರ ಎಲ್ಲ ಇವೆ. ನಾನು ಯಾವ ಬೀದಿಯವಳೂ ಅಲ್ಲ, ಹಾಲು ಉಕ್ಕಿಸಿ ಮಾರನೇ ದಿನ ರೈಲು ಹತ್ತುವವಳು. ಆದ್ದರಿಂದಲೇ ಎರಡೂ ಬೀದಿಯವರಿಗೆ ನಾನು ಒಪ್ಪಿಗೆ. ಗೋದೂ ವಿಧವೆ, ಅವಳ ಹೆಸರು ಯಾರ ಬಾಯಿಗೂ ಬರಲಿಲ್ಲ. ಅವಳ ಬಾಯಿಗೂ ಬರಲಿಲ್ಲ.

ಹಿಂತಿರುಗುವಾಗ ನನಗೆ ಸಣ್ಣ ಹೆದರಿಕೆ ಹುಟ್ಟಿತು. ಆ ಗುಮಾಸ್ತನ ಕೇಡು ನನ್ನ ಬೆನ್ನು ಹತ್ತಿ ಧಾರವಾಡಕ್ಕೆ ಬಂದರೆ? ನಮ್ಮವರನ್ನು ಕೇಳಿದೆ. "ಟಿಕೀಟಿಲ್ಲದ ಅದನ್ನ ಹರಿಹರದಾಗ ಇಳಿಸ್ತಾರ ಬಿಡು," ಎಂದರು.

ಒಲೆ

ಬೆಳಿಗ್ಗೆ ಊರೇ ಬಂಗ್ಲೆಯ ಮುಂದೆ. ಗಂಡಸರು ಹುಣಸೆಮರದ ಕೆಳಗೆ, ಹೆಂಗಸರು ಬೀದಿಯಂಚಿಗೆ, ಹುಡುಗಿಯರು ಸ್ಲೇಟು ಅಪ್ಪಿಕೊಂಡು ತಾಯಂದಿರ ಹಿಂದೆ. ಎರಡು ಬೀದಿಯವರ ರಾಜಿ ಪಕ್ಕಾ ಆಗಿತ್ತು: ಹಾಲು ಕೋಟೆಯ ಹಸುವಿನದು, ಒಲೆಯ ಕಲ್ಲು ಪೇಟೆಯದು, ಕೈ ಪರದೇಶದ್ದು. ಹಸು ಒಳಗೆ ಹೋಗಿ, ಅಧ್ಯಕ್ಷರ ಕಟ್ಟೆಯ ಮುಂದೆ ಸಗಣಿ ಹಾಕಿ ಬಂತು. ಎಲ್ಲರಿಗೂ ಸಂತೋಷವಾಯಿತು.

ನಾನು ತಲೆಗೆ ನೀರೆರೆದುಕೊಂಡು, ಉಪವಾಸವಿದ್ದು, ಅದೇ ಇಳಕಲ್ ಸೀರೆಯುಟ್ಟು ಪಾತ್ರೆ ಹಿಡಿದು ಮೆಟ್ಟಿಲೇರಿದೆ. ಗೋದೂ ಕೆಳಗೆ ಗೋಡೆಯ ಪಕ್ಕ ದೂರ ನಿಂತಿದ್ದಳು. ಶುಭಕಾರ್ಯಗಳಲ್ಲಿ ಅವಳು ಯಾವಾಗಲೂ ಹಾಗೆಯೇ ನಿಲ್ಲುವುದು. ನನಗೆ ಅದು ಅಭ್ಯಾಸವಾಗಿ ಹೋಗಿತ್ತು. ಆ ಬೆಳಿಗ್ಗೆ ಮಾತ್ರ ಕಸಿವಿಸಿಯಾಯಿತು.

"ನಿಲ್ಲಮ್ಮ," ಎಂದು ದನಿ ಕೇಳಿತು. ವೆಂಕಟಲಕ್ಷ್ಮಮ್ಮ ಜನರನ್ನು ಸರಿಸಿಕೊಂಡು ಬಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಮೊಮ್ಮಗಳು.

"ಊರಿಗೆ ಯಾವಾಗ ಹೋಗ್ತೀಯಮ್ಮ?"

"ನಾಳೆ ಹೋಗ್ತೀನ್ರಿ."

ಅವರು ಮರದ ಕಡೆ ತಿರುಗಿದರು. "ಕೇಳಿಸ್ಕೊಂಡ್ರಾ? ನಾಳೆ ಹೋಗೋಳು ಹಾಲು ಉಕ್ಸಿದ್ರೆ ಅದು ಛತ್ರ ಆಗುತ್ತೆ, ಮನೆ ಆಗಲ್ಲ. ನೀವು ಮನೆ ಹೊಕ್ಕಾಗ ನೆಂಟ್ರು ಉಕ್ಸಿದ್ರೇನ್ಲಾ? ಆ ಮನೇಲಿ ದಿನಾ ಕಸ ಗುಡ್ಸೋಳು, ಬಾಗ್ಲು ತೆಗೆಯೋಳು ತಾನೇ ಉಕ್ಸಿದ್ದು? ಈ ಬಾಗ್ಲು ವಾರಗಟ್ಲೆ ದಿನಾ ತೆಗೀತಿರೋರು ಯಾರು?"

ಎಲ್ಲರ ಕಣ್ಣೂ ಗೋದೂಳ ಮೇಲೆ ಬಿತ್ತು. ಅವಳು ನೆಲ ನೋಡಿದಳು.

ಪೇಟೆ ಬೀದಿಯ ಹಿರಿಯರೊಬ್ಬರು ಕೆಮ್ಮಿದರು. "ಅದು ಸರಿ ಅಮ್ಮ, ಆದ್ರೆ ಟೀಚರಮ್ಮ..."

"ಏಮಿ? ಬಾಯಿಬಿಟ್ಟು ಹೇಳಪ್ಪ. ಬಳೆ ಇಲ್ಲ ಅಂತಾನಾ? ಅವತ್ತು ನನ್ನ ಕೈತುಂಬ ಬಳೆ ಇತ್ತು, ಇದೇ ಮೆಟ್ಲಿಂದ ವಾಪಸ್ ಕಳ್ಸಿದ್ರಿ. ನಿಮಗೆ ಬಳೆ ಇದ್ರೂ ಕಷ್ಟ, ಇಲ್ದಿದ್ರೂ ಕಷ್ಟ!"

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದು ನಕ್ಕರು. ಗಂಡಸರಲ್ಲಿ ಯಾರೂ ನಗಲಿಲ್ಲ, ಬೇಡವೆಂದೂ ಅನ್ನಲಿಲ್ಲ. ನಾನು ಮೆಟ್ಟಿಲಿಳಿದು ಗೋದೂಳ ಮುಂದೆ ಪಾತ್ರೆ ಹಿಡಿದೆ.

"ಬೇಡ ಅಕ್ಕ," ಎಂದು ಅವಳು ಕೈ ಹಿಂದೆ ಕಟ್ಟಿಕೊಂಡಳು. "ನಾಳೆ ಯಾವುದಾದ್ರೂ ಮಗುವಿಗೆ ಜ್ವರ ಬಂದ್ರೂ ನನ್ನಿಂದ ಅಂತಾರೆ. ನೀನೇ ಮಾಡು. ಶಾಲೆ ನಡೆದ್ರೆ ಸಾಕು ನನಗೆ."

ಅವಳ ಹೆದರಿಕೆ ಸುಳ್ಳಲ್ಲ. ಅಂಥ ಮಾತು ಅವಳು ಹುಡುಗಿಯಾಗಿದ್ದಾಗಿಂದ ಕೇಳಿದ್ದಾಳೆ. ನಮ್ಮ ಮನೆಯಲ್ಲೂ ಕೇಳಿದ್ದಾಳೆ. ನಾನು ಪಾತ್ರೆ ಹಿಡಿದೇ ನಿಂತೆ.

ವೆಂಕಟಲಕ್ಷ್ಮಮ್ಮ ಮೊಮ್ಮಗಳ ಕೈ ಹಿಡಿದು ಮೆಟ್ಟಿಲೇರಿದರು. ಹಾಲಿಲ್ಲ, ಒಲೆಯಿಲ್ಲ, ಹೊಸ್ತಿಲು ದಾಟಿ, ಮಗುವನ್ನು ಮುಂದಿನ ಚಾಪೆಯ ಮೇಲೆ ಕೂರಿಸಿ, ತಾವೂ ಪಕ್ಕದಲ್ಲಿ ಕಾಲು ಚಾಚಿ ಕೂತರು. ಒಳಗಿನಿಂದಲೇ ಕೂಗಿದರು: "ಜ್ವರ ಬಂದ್ರೆ ಮೊದಲು ನನ್ನ ಮೊಮ್ಮಗಳಿಗೆ ಬರ್ಲಿ. ಆಗ ಈ ಮುದುಕಿ ಮಾಡಿದ್ದು ಅಂತ ಹೇಳ್ಕೊಳ್ಳಿ. ಬಾರಮ್ಮ ಟೀಚರೇ, ಮಗು ಹಸ್ಕೊಂಡಿದೆ."

ಗೋದೂ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡಳು.

ಒಲೆ ಹೊತ್ತಿಸುವುದರಲ್ಲಿ ಅವಳು ಶುದ್ಧ ದಡ್ಡಿ. ಪುಳ್ಳೆ ಹಸಿ, ಹೊಗೆ ತುಂಬಿತು, ಗಿಳಿಗಳೆಲ್ಲ ಬೈಯುತ್ತ ಹಾರಿಹೋದವು. ನಾನು ಪಕ್ಕದಲ್ಲಿ ಕೂತು ಊದುಗೊಳವೆಯಲ್ಲಿ ಊದಿದೆ. ಅಷ್ಟು ಉಪವಾಸ, ಅಷ್ಟು ಸೀರೆ, ಇಷ್ಟು ದೂರದ ರೈಲು, ಎಲ್ಲವೂ ಊದುವುದಕ್ಕಾಯಿತು. ಒಂದು ಕ್ಷಣ ನನಗೆ ಬೇಸರವೂ ಆಯಿತು, ಸುಳ್ಳೇಕೆ ಹೇಳಲಿ. ಹಾಲು ಬಿಸಿಯಾಗುತ್ತ ಬಂದಾಗ ಎರಡೂ ಬೀದಿಯವರು ಬಾಗಿಲಲ್ಲಿ ಕತ್ತು ಚಾಚಿದರು, ಯಾರ ಬೀದಿಯ ದಿಕ್ಕಿಗೆ ಉಕ್ಕುತ್ತದೆಂದು ನೋಡುವುದಕ್ಕೆ. ಗೋದೂ ಬೆಂಕಿ ಹಿಂದೆಳೆಯುವುದನ್ನೇ ಮರೆತಳು. ಹಾಲು ನಾಲ್ಕೂ ಕಡೆಗೆ ಸುರಿದು, ಒಲೆಯನ್ನೇ ಆರಿಸಿಬಿಟ್ಟಿತು. ಯಾರಿಗೂ ಯಾವ ದಿಕ್ಕೂ ಸಿಗಲಿಲ್ಲ.

"ಉಳಿದಿದ್ರೆ ನನಗೊಂದು ಲೋಟ ಕೊಡಮ್ಮ," ಎಂದರು ವೆಂಕಟಲಕ್ಷ್ಮಮ್ಮ. "ಅವತ್ತಿಂದ ಬಾಕಿ ಇದೆ."

ಬಾಗಿಲಲ್ಲಿ ಹುಡುಗಿಯರು ಗುಂಪಾಗಿ ನಿಂತಿದ್ದರು. ಒಂದು ಕಾಲು ಹೊಸ್ತಿಲ ಹತ್ತಿರ ತಂದು ಮತ್ತೆ ಹಿಂದೆಳೆದುಕೊಳ್ಳುತ್ತ, ಯಾರಾದರೂ ಕರೆಯಲೆಂದು ಕಾಯುತ್ತಿದ್ದರು. ತಾಯಿಯ ಮನೆಯಲ್ಲಿ ಹಿಂದಿನ ಕೋಣೆ, ಸೋದರತ್ತೆಯ ಮನೆಯಲ್ಲಿ ಅಟ್ಟ, ಇಲ್ಲಿ ಬಾಡಿಗೆಯ ಒಂದು ಮೂಲೆ: ನನ್ನ ತಂಗಿ ಇದ್ದದ್ದೆಲ್ಲ ಇನ್ನೊಬ್ಬರ ಮನೆಯಲ್ಲಿ. ಬಂದವರನ್ನು ಒಳಗೆ ಕರೆಯುವ ಮಾತು ಅವಳಿಗೆ ಸೇರಿದ್ದಾಗಿರಲಿಲ್ಲ. ಅವಳು ಮಸಿ ಹತ್ತಿದ ಕೈಯಿಂದ ಹಣೆಯೊರೆಸಿಕೊಂಡು ಎದ್ದು, ಬಾಗಿಲಿಗೆ ಹೋಗಿ, ಕಲಿತ ಮೈಸೂರು ಕನ್ನಡವನ್ನೆಲ್ಲ ಮರೆತು, ಊರಿಗೆಲ್ಲ ಕೇಳುವಂತೆ ಕರೆದಳು:

"ಯಾಕ ನಿಂತೀರಿ? ಒಳಗ ಬರ್ರಿ."